ಕೈ ಮೇಲೆ ಕೂತ ಗಿಣಿ ನಮ್ಮನ್ನು ನಂಬಿದೆಯೇ?

ಮನೆಗೆ ಬಂದ ಮೂರನೆಯ ದಿನ ನಮ್ಮ ಕಾಕಟೀಲ್ ಗಿಣಿ ಮಗಳ ಬೆರಳ ಮೇಲೆ ಅಲ್ಲಾಡದೆ ಕೂತಿತು. ಕಚ್ಚಲಿಲ್ಲ, ಚೀರಲಿಲ್ಲ. ನಾವು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದೆವು. ‘ಎಷ್ಟು ಬೇಗ ಹೊಂದಿಕೊಂಡಿತಲ್ಲ!’ ಎಂದು ಧಾರವಾಡದಿಂದಲೂ ಬೆಂಗಳೂರಿನಿಂದಲೂ ಉತ್ತರ ಬಂತು. ಅದೇ ರಾತ್ರಿ ಎರಡು ಗಂಟೆಗೆ ಪಂಜರದಲ್ಲಿ ದಡಬಡ ಸದ್ದು. ದೀಪ ಹಾಕಿ ನೋಡಿದರೆ ಹಕ್ಕಿ ಸರಳಿಗೆ ಬಡಿದುಕೊಳ್ಳುತ್ತಿತ್ತು. ಆಗಷ್ಟೇ ಮೂಡುತ್ತಿದ್ದ ಹೊಸ ಗರಿಯೊಂದು ಮುರಿದು, ತಳದಲ್ಲಿ ಹಾಸಿದ್ದ ಪೇಪರಿನ ಮೇಲೆ ರಕ್ತದ ಹನಿಗಳು ಬಿದ್ದಿದ್ದವು.

ಹಕ್ಕಿ ಮಾರಿದ ಅಂಗಡಿಯವರು ಹೇಳಿದ್ದನ್ನೇ ನಾವು ಮಾಡಿದ್ದೆವು. ರೆಕ್ಕೆಯ ಗರಿ ಕತ್ತರಿಸಿಯೇ ಕೊಟ್ಟಿದ್ದರು. ‘ದಿನಕ್ಕೆ ಅರ್ಧ ಗಂಟೆ ಟವೆಲಿನಲ್ಲಿ ಸುತ್ತಿ ಹಿಡಿದುಕೊಳ್ಳಿ, ಒದ್ದಾಡಿದರೂ ಬಿಡಬೇಡಿ, ವಾರದಲ್ಲಿ ಕೈಗೆ ಬರುತ್ತದೆ’ ಎಂದಿದ್ದರು. ಅವರ ಮಾತು ಸುಳ್ಳಾಗಲಿಲ್ಲ, ವಾರವೂ ಬೇಕಾಗಲಿಲ್ಲ. ಒದ್ದಾಡಿ ಏನೂ ಪ್ರಯೋಜನವಿಲ್ಲ ಎಂಬುದು ಹಕ್ಕಿಗೆ ಮೂರೇ ದಿನದಲ್ಲಿ ಗೊತ್ತಾಗಿತ್ತು. ಅದು ಸೋತು ಸುಮ್ಮನಾದುದನ್ನು ನಾವು ನಂಬಿಕೆ ಎಂದು ತಿಳಿದೆವು.

ಹೊಸ ಗಿಣಿ ತಂದವರಿಗೆಲ್ಲ ನಾನು ಈಗ ಹೇಳುವುದು ಒಂದೇ ಮಾತು. ನಿಮ್ಮ ಹಕ್ಕಿಗೆ ‘ಬೇಡ’ ಎನ್ನುವ ದಾರಿ ಇದೆಯೇ, ನೋಡಿಕೊಳ್ಳಿ. ಆ ದಾರಿ ಇಲ್ಲದ ಮನೆಯಲ್ಲಿ ಅದು ಕೈ ಮೇಲೆ ಕೂತರೂ, ಭುಜ ಹತ್ತಿದರೂ, ಅದಕ್ಕೆ ಹೆಚ್ಚು ಅರ್ಥವಿಲ್ಲ.

ಹಕ್ಕಿಯ ಕಡೆಯಿಂದ ಸ್ವಲ್ಪ ನೋಡೋಣ. ಗಿಣಿ ಬೇಟೆಗೆ ಸಿಕ್ಕಿ ಸಾಯುವ ಜಾತಿ. ಅದರ ಕಣ್ಣು ತಲೆಯ ಎರಡೂ ಪಕ್ಕದಲ್ಲಿವೆ, ಯಾವ ದಿಕ್ಕಿನಿಂದ ಅಪಾಯ ಬಂದರೂ ಕಾಣಲಿ ಎಂದು. ನಮ್ಮ ಎರಡು ಕಣ್ಣೂ ಮುಂದಕ್ಕಿವೆ, ಬೆಕ್ಕಿನ ಹಾಗೆ, ಗೂಬೆಯ ಹಾಗೆ. ನಾವು ಪ್ರೀತಿಯಿಂದ ದಿಟ್ಟಿಸಿದರೂ ಅದಕ್ಕೆ ಬೇಟೆಗಾರ ಗುರಿ ಇಟ್ಟಂತೆ. ಮುದ್ದು ಮಾಡಲು ಮೇಲಿನಿಂದ ಇಳಿಯುವ ಕೈ ಗಿಡುಗ ಎರಗಿದಂತೆ. ಮುದುಡಿ ನಿಂತು, ಮೈ ಸಣ್ಣ ಮಾಡಿಕೊಂಡು, ರೆಪ್ಪೆ ಬಡಿಯದೆ ನೋಡುವ ಹಕ್ಕಿ ಶಾಂತವಾಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಭಯದ ತುದಿಯಲ್ಲಿರುತ್ತದೆ. ಕಾಕಟೀಲ್ ಆದರೆ ತಲೆಯ ಜುಟ್ಟು ನೋಡಿದರೆ ಸಾಕು. ನೆಟ್ಟಗೆ ನಿಮಿರಿದ್ದರೆ ಗಾಬರಿ, ತಲೆಗೆ ಅಂಟಿಕೊಂಡು ಬಾಯಲ್ಲಿ ಬುಸ್ ಎನ್ನುವ ಸದ್ದಿದ್ದರೆ ‘ಹತ್ತಿರ ಬರಬೇಡ’. ಫೋಟೋದಲ್ಲಿ ನಮ್ಮ ಹಕ್ಕಿಯ ಜುಟ್ಟು ಕಡ್ಡಿಯ ಹಾಗೆ ನಿಂತಿತ್ತು. ನಮ್ಮಲ್ಲಿ ಯಾರೂ ಅದನ್ನು ಓದಲಿಲ್ಲ.

ಓದುವುದನ್ನು ನಾನು ಕಲಿತದ್ದು ಹಿನ್ನೀರಿನಲ್ಲಿ. ನಾವಿರುವ ಇಂದಾಪುರ ತಾಲೂಕಿನ ಅಂಚಿನುದ್ದಕ್ಕೂ ಉಜನಿ ಅಣೆಕಟ್ಟಿನ ನೀರು ಹರಡಿದೆ. 1980ರಲ್ಲಿ ಮುಗಿದ ಈ ಅಣೆಕಟ್ಟು ಭೀಮಾ ನದಿಗೆ ಅಡ್ಡ ನಿಂತಿದೆ. ಇದೇ ಭೀಮೆ ಮುಂದೆ ಸೊಲ್ಲಾಪುರ ದಾಟಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಇಳಿಯುತ್ತಾಳೆ. ಚಳಿಗಾಲದಲ್ಲಿ ಭಿಗವಣ ಕಡೆಯ ಆಳವಿಲ್ಲದ ನೀರಿಗೆ ರಾಜಹಂಸಗಳೂ ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ಅವನ್ನು ನೋಡಲು ಮೀನುಗಾರರ ದೋಣಿಯಲ್ಲಿ ಹೋಗಬೇಕು. ಅಂಥ ಒಂದು ದೋಣಿಯಲ್ಲಿ ನಾನು ಕೂತಿದ್ದಾಗ ಅಂಬಿಗ ಒಂದು ಕಡೆ ಸುಮ್ಮನೆ ನಿಲ್ಲಿಸಿಬಿಟ್ಟ. ಇನ್ನೂ ಮುಂದೆ ಹೋಗೋಣ ಎಂದರೆ ಒಪ್ಪಲಿಲ್ಲ. ಹಕ್ಕಿಗಳ ಕಡೆ ಕೈ ತೋರಿಸಿದ. ಕೆಸರಲ್ಲಿ ಕೊಕ್ಕಾಡಿಸುತ್ತಿದ್ದ ರಾಜಹಂಸಗಳಲ್ಲಿ ನಾಲ್ಕೈದು ತಿನ್ನುವುದು ಬಿಟ್ಟು ಕತ್ತೆತ್ತಿದ್ದವು. ಅವು ಮತ್ತೆ ತಲೆ ತಗ್ಗಿಸುವ ತನಕ ದೋಣಿ ಮುಂದೆ ಸರಿಯಲಿಲ್ಲ.

ಪಂಜರದ ಹಕ್ಕಿಗೂ ಇದೇ ಅಳತೆ. ನಾವು ಎಷ್ಟು ದೂರದಲ್ಲಿ ಕೂತರೆ ಅದು ಕಾಳು ತಿನ್ನುವುದನ್ನು ನಿಲ್ಲಿಸುವುದಿಲ್ಲವೋ ಅಲ್ಲಿಂದ ಶುರು ಮಾಡಬೇಕು. ನಮ್ಮ ಮನೆಯಲ್ಲಿ ಅದು ಕೋಣೆಯ ಆ ತುದಿಯ ಕುರ್ಚಿಯಾಗಿತ್ತು. ಪಂಜರವನ್ನು ಒಂದು ಬದಿ ಗೋಡೆಗೆ ತಾಗುವಂತೆ, ನಮ್ಮ ಎದೆಯ ಎತ್ತರಕ್ಕೆ ಇಟ್ಟೆವು. ನಾಲ್ಕೂ ಕಡೆ ತೆರೆದಿದ್ದರೆ ಹಕ್ಕಿಗೆ ಬೆನ್ನು ಕೊಡಲು ಜಾಗವೇ ಇರುವುದಿಲ್ಲ. ರಾತ್ರಿ ಸಣ್ಣ ದೀಪ ಉರಿಯಲು ಬಿಟ್ಟೆವು. ಕಾಕಟೀಲ್‌ಗಳು ಕತ್ತಲಲ್ಲಿ ಬೆಚ್ಚಿಬಿದ್ದು ಹೀಗೆ ಬಡಿದುಕೊಳ್ಳುವುದು ಸಾಮಾನ್ಯ, ಬೆಳಕಿದ್ದರೆ ಮತ್ತೆ ಕೂರುವ ಕೋಲು ಸಿಗುತ್ತದೆ. ಆಮೇಲೆ ದಿನಾ ಸಂಜೆ ಅದೇ ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿ ಕೂತು, ಅದನ್ನು ನೋಡದೆ, ಪೇಪರನ್ನು ಮೆಲ್ಲಗೆ ಓದಿಕೊಳ್ಳುವುದು. ಏಳುವಾಗ ಬಟ್ಟಲಿಗೆ ನಾಲ್ಕು ನವಣೆ ಕಾಳು ಹಾಕಿ ಹೊರಟುಬಿಡುವುದು. ನವಣೆ ತೆನೆ ಎಂದರೆ ಈ ಹಕ್ಕಿಗೆ ಪ್ರಾಣ. ಇಲ್ಲಿನವರು ರಾಳೆ ಎನ್ನುತ್ತಾರೆ. ನಾವು ಬಂದರೆ ಒಳ್ಳೆಯದೇನೋ ಆಗುತ್ತದೆ, ಕೆಟ್ಟದ್ದು ಆಗುವುದಿಲ್ಲ ಎಂಬ ಲೆಕ್ಕವೊಂದು ಅದರ ತಲೆಯಲ್ಲಿ ಕೂರಬೇಕು. ಕುರ್ಚಿ ಪಂಜರದ ಪಕ್ಕಕ್ಕೆ ಬರಲು ನಮಗೆ ಹತ್ತೊಂಬತ್ತು ದಿನ ಹಿಡಿಯಿತು. ಕೆಲವು ದಿನ ಹಿಂದಕ್ಕೂ ಸರಿದೆವು.

ಕೈ ಒಳಗೆ ಹೋಗುವ ಹೊತ್ತಿಗೆ ಒಂದು ವಿಷಯ ಹೊಳೆಯಿತು, ನನ್ನ ಮಟ್ಟಿಗೆ ಇದೇ ಮುಖ್ಯ. ಹಕ್ಕಿ ಕಚ್ಚುವ ಮುಂಚೆ ಬೇಕಾದಷ್ಟು ಸಲ ಹೇಳಿರುತ್ತದೆ. ಮೈಯನ್ನು ಆ ಕಡೆ ವಾಲಿಸುತ್ತದೆ, ಒಂದು ಹೆಜ್ಜೆ ಸರಿಯುತ್ತದೆ, ಜುಟ್ಟು ಎತ್ತುತ್ತದೆ. ನಾವು ಇದ್ಯಾವುದಕ್ಕೂ ಕೈ ಹಿಂದೆ ತೆಗೆಯುವುದಿಲ್ಲ. ಕೊನೆಗೆ ಕಚ್ಚುತ್ತದೆ, ಆಗ ಥಟ್ಟನೆ ತೆಗೆಯುತ್ತೇವೆ. ಮನುಷ್ಯರಿಗೆ ಕಚ್ಚಿದರೆ ಮಾತ್ರ ಅರ್ಥವಾಗುತ್ತದೆ ಎಂದು ಹಕ್ಕಿಗೆ ಪಾಠ ಹೇಳಿಕೊಟ್ಟವರು ನಾವೇ. ವಾಲಿದ ಕೂಡಲೇ ಕೈ ಹಿಂದಕ್ಕೆ ಬಂದರೆ ಅದಕ್ಕೆ ಕಚ್ಚುವ ಅಗತ್ಯವೇ ಬೀಳುವುದಿಲ್ಲ. ಕೈ ಹಿಂದೆ ತೆಗೆದರೆ ಹಕ್ಕಿ ತಲೆ ಮೇಲೆ ಕೂರುತ್ತದೆ ಎಂದು ಹೆದರಿಸುವವರಿದ್ದಾರೆ. ನಮ್ಮಲ್ಲಿ ಆದದ್ದು ಉಲ್ಟಾ. ‘ಬೇಡ’ ಎಂದರೆ ಕೈ ನಿಲ್ಲುತ್ತದೆ ಎಂದು ಖಾತ್ರಿಯಾದ ಮೇಲೆಯೇ ಅದು ಕೈಯ ಹತ್ತಿರ ಬರುವ ಧೈರ್ಯ ಮಾಡಿತು.

ಮಾತು ಬಲ್ಲ ಗಿಣಿಯೊಂದು ಇದನ್ನೇ ಬಾಯಿಬಿಟ್ಟು ಹೇಳಿದ್ದುಂಟು. ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಮೆರಿಕದ ಅಂಗಡಿಯೊಂದರಿಂದ ಕೊಂಡು ತಂದ ಅಲೆಕ್ಸ್ ಎಂಬ ಆಫ್ರಿಕದ ಬೂದು ಗಿಣಿ, ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುವುದಕ್ಕೆ ಪ್ರಸಿದ್ಧವಾಯಿತು. 2007ರಲ್ಲಿ ತೀರಿಕೊಂಡಿತು. ಅದು ಎಣಿಸುತ್ತಿದ್ದುದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಪಾಠ ಸಾಕೆನಿಸಿದಾಗ ಅಲೆಕ್ಸ್ ತನ್ನನ್ನು ಪಂಜರಕ್ಕೆ ವಾಪಸ್ ಕಳಿಸಿ ಎಂದು ಕೇಳುತ್ತಿತ್ತು. ನಮ್ಮ ಮನೆಗಳಲ್ಲಿ ಗಿಣಿಗೆ ‘ರಾಮ ರಾಮ’ ಕಲಿಸುತ್ತೇವೆ, ‘ಬನ್ನಿ, ಕೂತ್ಕೊಳ್ಳಿ’ ಕಲಿಸುತ್ತೇವೆ. ‘ಸಾಕು’ ಎನ್ನುವುದನ್ನು ಯಾರೂ ಕಲಿಸಿದ್ದು ಕಾಣೆ. ಗಿಣಿಪಾಠ ಎಂಬ ಮಾತನ್ನು ಅರ್ಥ ತಿಳಿಯದೆ ಒಪ್ಪಿಸುವವರ ಮೇಲೆ ಬಳಸುತ್ತೇವಲ್ಲ, ಅದರಲ್ಲಿ ಗಿಣಿಯ ತಪ್ಪಿಗಿಂತ ಪಾಠದ ತಪ್ಪು ದೊಡ್ಡದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಗಳ ವಿಷಯ. ಕಾಕಟೀಲ್‌ನ ಮೂಲ ಆಸ್ಟ್ರೇಲಿಯ, ಇಲ್ಲಿ ಹೊರಗೆ ಬಿಟ್ಟರೆ ಬದುಕಲಾರದು. ಅದರ ಜತೆ ಬಾಳುವುದು ಹೇಗೆ ಎಂಬ ಪ್ರಶ್ನೆಗೆ ಅರ್ಥವಿದೆ. ಆದರೆ ಈ ಬರಹವನ್ನು ಓದುತ್ತಿರುವ ಕೆಲವರ ಮನೆಯಲ್ಲಿರುವುದು ನಮ್ಮದೇ ಹಸಿರು ಗಿಣಿ, ಕೊರಳಿಗೆ ಗುಲಾಬಿ ಉಂಗುರವಿರುವುದು. ಅವರಿಗೆ ನಾನು ಹೇಳಬೇಕಾದ ಮಾತು ಬೇರೆ.

ಆ ಗಿಣಿ ಎಲ್ಲಿಂದ ಬಂತು ಎಂಬುದಕ್ಕೆ ಕನ್ನಡದಲ್ಲಿ ಸಾವಿರ ವರ್ಷ ಹಳೆಯ ಸಾಕ್ಷಿ ಇದೆ. ಬಾಣನ ಕಾದಂಬರಿಯನ್ನು ನಾಗವರ್ಮ ಕನ್ನಡಕ್ಕೆ ತಂದ. ಅದರಲ್ಲಿ ಕತೆ ಹೇಳುವುದೇ ಒಂದು ಗಿಣಿ. ಮುದಿ ಬೇಡನೊಬ್ಬ ಬೂರುಗದ ಮರ ಹತ್ತಿ ಪೊಟರೆಗಳಿಂದ ಮರಿಗಳನ್ನು ಕಿತ್ತು ಕೊಂದು ಕೆಳಕ್ಕೆಸೆಯುತ್ತಾನೆ. ಮರಿಯನ್ನು ರೆಕ್ಕೆಯಡಿ ಮುಚ್ಚಿಕೊಂಡ ಮುದಿ ತಂದೆಯೂ ಸಾಯುತ್ತದೆ. ತರಗೆಲೆಯ ಮೇಲೆ ಬಿದ್ದು ಉಳಿದ ಮರಿಯನ್ನು ಹಾರೀತನೆಂಬ ಮುನಿಕುಮಾರ ಎತ್ತಿಕೊಂಡು, ಕೊಳದ ಬಳಿ ಬಾಯಿಗೆ ನೀರ ಹನಿ ಬಿಟ್ಟು, ನೆರಳಲ್ಲಿ ಇಡುತ್ತಾನೆ. ಪೊಟರೆಯಿಂದ ಮರಿ ಕೀಳುವುದು ಇಂದಿಗೂ ನಿಂತಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಬುಟ್ಟಿಗಳಲ್ಲಿ ಮಾರಾಟಕ್ಕೆ ಬರುವ ಮರಿಗಳು ಹೀಗೆ ಕಿತ್ತವೇ. ಮಾರುಕಟ್ಟೆಗೆ ಬದುಕಿ ಬಂದವನ್ನು ಮಾತ್ರ ನಾವು ನೋಡುತ್ತೇವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಗಿಣಿಗಳನ್ನು ರಕ್ಷಿಸುತ್ತದೆ. ಹಿಡಿಯುವುದು, ಮಾರುವುದಷ್ಟೇ ಅಲ್ಲ, ಮನೆಯಲ್ಲಿಟ್ಟು ಸಾಕುವುದೂ ಅಪರಾಧ. ಕಾನೂನು ಬದಿಗಿಟ್ಟು ಯೋಚಿಸಿದರೂ ಲೆಕ್ಕ ಅದೇ. ಇಂದಾಪುರದ ದಾಳಿಂಬೆ, ಪೇರಲ ತೋಟಗಳ ಮೇಲೆ ಇದೇ ಗಿಣಿಗಳು ಹಿಂಡುಹಿಂಡಾಗಿ ಎರಗುತ್ತವೆ, ರೈತರು ಬಲೆ ಕಟ್ಟಿ, ತಮಟೆ ಬಡಿದು ಓಡಿಸುತ್ತಾರೆ. ಮನುಷ್ಯನನ್ನು ಕಂಡರೆ ಹಾರುವುದೇ ಆ ಹಿಂಡಿನ ಬದುಕು. ಅದನ್ನು ಕೈಗೆ ಒಗ್ಗಿಸಿದಷ್ಟೂ ಅದು ಹಿಂಡಿಗೆ ಮರಳುವ ದಾರಿಯನ್ನು ನಾವು ಮುಚ್ಚುತ್ತೇವೆ. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂತೆ ಎಂಬ ಗಾದೆ ಅಕ್ಷರಶಃ ನಿಜವಾಗುವುದು ಇಲ್ಲಿ. ಹಾಗೆಂದು ಓದಿದ ಉತ್ಸಾಹದಲ್ಲಿ ಇವತ್ತೇ ಕಿಟಕಿ ತೆರೆದು ಹಾರಿಬಿಡಬೇಡಿ, ಪಳಗಿದ ಹಕ್ಕಿ ಒಂದು ದಿನವೂ ಉಳಿಯದು. ಅರಣ್ಯ ಇಲಾಖೆಗೆ ತಿಳಿಸಿ. ಮಹಾರಾಷ್ಟ್ರದಲ್ಲಿ ಅದರ ಸಹಾಯವಾಣಿ 1926. ಪೆಟ್ಟಾದ ಮರಿ ಸಿಕ್ಕರೆ ಹಾರೀತ ಮಾಡಿದಷ್ಟು ಮಾಡಿ: ನೆರಳು, ಶಾಂತಿ. ಉಳಿದದ್ದು ಬಲ್ಲವರ ಕೆಲಸ. ಮುದ್ದು ಮಾಡಿ ಅದರ ವಿಶ್ವಾಸ ಗಳಿಸಲು ಹೋಗದಿರುವುದೇ ಅದಕ್ಕೆ ಮಾಡುವ ಉಪಕಾರ.

‘ಒಂದು ಹಕ್ಕಿಗೆ ಇಷ್ಟೆಲ್ಲ ಪುರಸೊತ್ತು ಯಾರಿಗಿದೆ?’ ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಕಟೀಲ್ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಅದರಲ್ಲಿ ಎರಡು ತಿಂಗಳು ಕೊಡಲು ಪುರಸೊತ್ತಿಲ್ಲದಿದ್ದರೆ ಹಕ್ಕಿ ತರದಿರುವುದೇ ಸರಿಯಾದ ಉತ್ತರ.

ನಮ್ಮದು ಈಗ ಪಂಜರದ ಬಾಗಿಲು ತೆರೆದರೆ ತಾನಾಗಿ ಹೊರಗೆ ಬರುತ್ತದೆ. ಕತ್ತರಿಸಿದ ಗರಿ ಉದುರಿ ಹೊಸವು ಬಂದಿವೆ, ಮತ್ತೆ ಕತ್ತರಿಸಲಿಲ್ಲ. ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚುವುದು ನಮ್ಮ ಕೆಲಸ. ಮಗಳು ಬೆರಳು ಚಾಚಿ ಕಾಯುತ್ತಾಳೆ. ಕೆಲವು ಸಂಜೆ ಬಂದು ಕೂರುತ್ತದೆ, ನಿದ್ದೆಗೆ ಮುಂಚೆ ಕೊಕ್ಕು ಮಸೆಯುವ ಸಣ್ಣ ಸದ್ದೂ ಕೇಳುತ್ತದೆ. ನಿನ್ನೆ ಬರಲಿಲ್ಲ. ಒಮ್ಮೆ ನೋಡಿ ಪರದೆಯ ಸರಳಿನ ಮೇಲೇ ಕೂತುಬಿಟ್ಟಿತು. ಮಗಳು ಕೈ ಇಳಿಸಿ, ನವಣೆಯನ್ನು ಬಟ್ಟಲಿಗೆ ಹಾಕಿ, ಓದಲು ಹೋದಳು.