ತಿದ್ದಿದ ಉತ್ತರ



ಹಲವು ವರ್ಷಗಳ ಹಿಂದೆ ಏಳನೆಯ ತರಗತಿಯಲ್ಲಿ ಡೈನೋಸಾರ್‌ಗಳ ವಿಷಯ ಹೇಳುತ್ತಿದ್ದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಹತ್ತು ಕಿಲೋಮೀಟರಿನಷ್ಟು ಅಗಲದ ಕ್ಷುದ್ರಗ್ರಹವೊಂದು ಇಂದಿನ ಮೆಕ್ಸಿಕೋದ ಯುಕಟಾನ್ ಪ್ರದೇಶಕ್ಕೆ ಅಪ್ಪಳಿಸಿ, ಜೀವಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಳಿದವೆಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ಅಂಥದ್ದು ಮತ್ತೆ ಬಂದರೆ ಏನು ಮಾಡುವುದು?" ಎಂದಳು. "ಮಾಡುವುದೇನಮ್ಮಾ, ದೇವರ ಮೇಲೆ ಭಾರ ಹಾಕುವುದು" ಎಂದೆ. ತರಗತಿ ನಕ್ಕಿತು. ಅವಳು ನಗದೆ ಕುಳಿತುಕೊಂಡಳು.

ನನ್ನ ಉತ್ತರ ತಪ್ಪಾಗಿತ್ತು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆಯು ಭೂಮಿಯಿಂದ ಸುಮಾರು 1.1 ಕೋಟಿ ಕಿ.ಮೀ. ದೂರದಲ್ಲಿ, ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್ ಎಂಬ ಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಆ ಬಂಡೆಯಿಂದ ನಮಗೆ ಅಪಾಯವೇನೂ ಇರಲಿಲ್ಲ. ಅದು ಕೇವಲ ಪ್ರಯೋಗ. ತನ್ನ ಹಿರಿಯ ಜೊತೆಗಾರ ಡಿಡಿಮಾಸ್‌ನನ್ನು 11 ಗಂಟೆ 55 ನಿಮಿಷಗಳಲ್ಲಿ ಸುತ್ತುತ್ತಿದ್ದ ಅದರ ಅವಧಿ ಅರ್ಧ ಗಂಟೆಗೂ ತುಸು ಹೆಚ್ಚು ಕಡಿಮೆಯಾಯಿತು. ಬರುವ ಬಂಡೆಯನ್ನು ವರ್ಷಗಳ ಮೊದಲೇ ಗುರುತಿಸಿದರೆ ಸಣ್ಣದೊಂದು ತಳ್ಳು ಸಾಕಾದೀತು; ಬಾಗಿಲಿಗೆ ಬಂದ ಮೇಲೆ ಯಾವ ಬಲವೂ ಸಾಲದು.

ಆದ್ದರಿಂದ ಮೊದಲ ಕೆಲಸ ಕಾವಲು ಕಾಯುವುದು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸಿಡಿದ ಉಲ್ಕೆಯ ಅಗಲ ಸುಮಾರು 20 ಮೀಟರ್ ಮಾತ್ರ. ಸೂರ್ಯನ ದಿಕ್ಕಿನಿಂದ ಬಂದ ಅದನ್ನು ಮೊದಲೇ ಯಾರೂ ಕಾಣಲಿಲ್ಲ. ಗಾಯಗೊಂಡವರು ಸುಮಾರು 1,500 ಮಂದಿ. ಬಹುಪಾಲು ಗಾಯಗಳು ಒಡೆದ ಕಿಟಕಿ ಗಾಜುಗಳಿಂದ ಆದವು.

ಹಸಿದವರಿರುವಾಗ ಆಕಾಶದ ಕಲ್ಲುಗಳಿಗೇಕೆ ಹಣ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಬಡವರ ಊರಿಗೂ ರಾತ್ರಿ ಕಾವಲುಗಾರ ಬೇಕು. ಮನುಷ್ಯನೇ ಭೂಮಿಗೆ ಭಾರ ಎಂಬ ಮಾತನ್ನೂ ಕೇಳುತ್ತೇನೆ. ಕಾಡು ಕಡಿದವರು, ನದಿಗೆ ವಿಷ ಬೆರೆಸಿದವರು ನಾವೇ ಎಂಬುದನ್ನು ಅಲ್ಲಗಳೆಯಲಾರೆ. ಆದರೂ ಆನೆಯಾಗಲಿ ಕಪ್ಪೆಯಾಗಲಿ ಬರಲಿರುವ ಬಂಡೆಯ ಹಾದಿಯನ್ನು ಲೆಕ್ಕ ಹಾಕಲಾರವು. ಅವುಗಳ ಪರವಾಗಿ ಲೆಕ್ಕ ಹಾಕಬಲ್ಲ ಜೀವಿ ನಮಗೆ ತಿಳಿದಂತೆ ಒಂದೇ. ಈ ಸಾಮರ್ಥ್ಯವನ್ನು ನಾನು ಹೆಮ್ಮೆಯೆಂದು ಕರೆಯುವುದಿಲ್ಲ, ಋಣವೆಂದು ಕರೆಯುತ್ತೇನೆ. ಆಕಾಶದಿಂದ ಬರುವ ಬಂಡೆಯನ್ನು ತಡೆದು, ನೆಲದ ಮೇಲೆ ಕೊಡಲಿಯನ್ನು ಬೀಸುತ್ತಲೇ ಇದ್ದರೆ ಆ ಋಣ ತೀರದು.

ಅಂದು ಪ್ರಶ್ನೆ ಕೇಳಿದ ಮಗಳೇ, ಇದನ್ನು ನೀನು ಓದುತ್ತಿದ್ದರೆ ನಿನ್ನ ಮೇಷ್ಟ್ರ ಉತ್ತರವನ್ನು ತಿದ್ದಿಕೊ. ಮಾಡುವುದಿದೆ, ಮೊದಲೇ ಮಾಡಬೇಕು. ಅಂದು ನಕ್ಕದ್ದಕ್ಕೆ ಕ್ಷಮೆಯಿರಲಿ.