ಜ್ವರ ಒಂದೇ, ಮೂಲ ನಾಲ್ಕು

ಮುಂಗಾರು ಹಿಡಿದು ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳಲ್ಲಿ ನೀರು ಹರಿದರೆ ಕೃಷ್ಣರಾಜನಗರದ ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಅದು ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ಕಾಲ. ಹೆಗ್ಗಡದೇವನಕೋಟೆಯಲ್ಲಿ ಕಬಿನಿ ತುಂಬುತ್ತದೆ, ಕಾಡಂಚಿನ ಪೊದೆಗಳು ದಟ್ಟವಾಗುತ್ತವೆ. ಇಲ್ಲಿಂದ ಚಳಿಗಾಲದವರೆಗೆ ಜ್ವರವೆಂದು ಆಸ್ಪತ್ರೆಗೆ ಬರುವವರು ಹೇಳಿಕೊಳ್ಳುವ ತೊಂದರೆ ಬಹುಮಟ್ಟಿಗೆ ಒಂದೇ: ಮೂರು ದಿನದಿಂದ ಜ್ವರ, ತಲೆ ಸಿಡಿಯುತ್ತಿದೆ, ಮೈಕೈ ನೋವು. ಕೇಳುವುದೂ ಒಂದೇ: ಒಂದು ಇಂಜೆಕ್ಷನ್ ಹಾಕಿ, ನಾಳೆ ಕೆಲಸಕ್ಕೆ ಹೋಗಬೇಕು.

ನಾಟಿ ಮತ್ತು ಕಟಾವಿನ ದಿನಗಳಲ್ಲಿ ಕೂಲಿ ತಪ್ಪಿದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಈ ಆತುರ ಸಹಜ. ಆದರೆ ಜ್ವರವೆಂಬುದು ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಮಾತ್ರ. ಸೋಂಕು ತಂದ ಜೀವಿ ಯಾವುದೆಂದು ಅದು ಹೇಳುವುದಿಲ್ಲ. ಮಳೆಗಾಲದ ಜ್ವರಗಳಲ್ಲಿ ದೊಡ್ಡ ಪಾಲು ವೈರಸ್‌ನಿಂದ ಬರುವಂಥದ್ದು. ಡೆಂಗಿ ಆ ಗುಂಪಿಗೆ ಸೇರಿದ್ದು. ಬ್ಯಾಕ್ಟೀರಿಯಾದ ಗೋಡೆಯನ್ನೋ ಅದು ಪ್ರೋಟೀನ್ ತಯಾರಿಸುವ ವ್ಯವಸ್ಥೆಯನ್ನೋ ಕೆಡಿಸುವುದು ಆ್ಯಂಟಿಬಯೋಟಿಕ್‌ನ ಕೆಲಸ. ವೈರಸ್‌ನಲ್ಲಿ ಇವೆರಡೂ ಇಲ್ಲ. ಹೀಗಾಗಿ ಅಲ್ಲಿ ಈ ಔಷಧಿ ಏನನ್ನೂ ಮಾಡಲಾರದು. ಉಳಿದ ಜ್ವರಗಳಲ್ಲಿ ಬ್ಯಾಕ್ಟೀರಿಯಾ ತರುವ ನಾಲ್ಕನ್ನು ಈ ಭಾಗದ ಜನ ತಿಳಿದಿರುವುದು ಒಳ್ಳೆಯದು: ಇಲಿಜ್ವರ, ಸ್ಕ್ರಬ್ ಟೈಫಸ್, ಕಂದು ರೋಗ ಮತ್ತು ಟೈಫಾಯ್ಡ್. ಮೂರನೆಯ ದಿನ ನಾಲ್ಕೂ ಒಂದೇ ರೀತಿ ಕಾಣಬಹುದು. ಆದರೆ ಅವು ಮನುಷ್ಯನನ್ನು ತಲುಪುವ ದಾರಿ ಬೇರೆ, ಪತ್ತೆಹಚ್ಚುವ ಪರೀಕ್ಷೆ ಬೇರೆ, ಚಿಕಿತ್ಸೆಯೂ ಬೇರೆ.

ಇಲಿಜ್ವರದ ದಾರಿ ಗದ್ದೆಯ ಕೆಸರು. ಇದನ್ನು ತರುವ ಲೆಪ್ಟೊಸ್ಪೈರಾ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಅದು ಅವಕ್ಕೆ ತೊಂದರೆ ಕೊಡದೆ ನೆಲೆಸಿರುತ್ತದೆ. ದನ, ಹಂದಿ, ನಾಯಿಗಳಲ್ಲೂ ಇರಬಹುದು. ಮೂತ್ರದೊಂದಿಗೆ ಹೊರಬಂದು ನಿಂತ ನೀರಿನಲ್ಲಿ, ತೇವದ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಕಾಲಿನ ಬಿರುಕು, ಕೆಸರುಹುಣ್ಣು, ತರಚುಗಾಯ, ಕಣ್ಣು-ಬಾಯಿಗಳ ತೆಳುಪೊರೆ ಅದಕ್ಕೆ ಬಾಗಿಲು. ದಿನವಿಡೀ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಹಾಕುವ ಹೆಂಗಸರಿಗೆ, ಬದು ಕಡಿಯುವ ಗಂಡಸರಿಗೆ ಈ ಬಾಗಿಲುಗಳು ಒಂದಲ್ಲ ಒಂದು ತೆರೆದೇ ಇರುತ್ತವೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಮೀನಖಂಡದಲ್ಲಿ ಮುಟ್ಟಲಾರದ ನೋವು, ಪಿಸುರು ಇಲ್ಲದೆ ಕೆಂಪಾದ ಕಣ್ಣು ಇದರ ಸುಳಿವುಗಳು. ಹೆಚ್ಚಿನವರು ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಕಾಮಾಲೆ, ಮೂತ್ರಪಿಂಡ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವ ಉಂಟಾಗಿ ಜೀವಕ್ಕೇ ಅಪಾಯವಾಗುತ್ತದೆ. ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ಈ ತೀವ್ರ ರೂಪವನ್ನು 1886ರಲ್ಲೇ ವಿವರಿಸಿದ್ದರು. ಆದರೆ ಅದನ್ನು ತರುವ ಜೀವಿ ಜಪಾನಿನಲ್ಲಿ ಪತ್ತೆಯಾದದ್ದು 1915ರಲ್ಲಿ. ನಮ್ಮ ದೇಶದ ಅಂಡಮಾನ್‌ನಲ್ಲೂ ರಕ್ತ ಕೆಮ್ಮಿಸಿ ಕೊಲ್ಲುತ್ತಿದ್ದ ಒಂದು ಜ್ವರ ಇಲಿಜ್ವರವೇ ಎಂದು ಖಚಿತವಾಗಲು 1990ರ ದಶಕ ಬರಬೇಕಾಯಿತು. ಕಣ್ಣೆದುರಿಗಿದ್ದೂ ಗುರುತು ಸಿಗದೆ ಉಳಿಯುವುದು ಈ ಕಾಯಿಲೆಯ ಸ್ವಭಾವ.

ಸ್ಕ್ರಬ್ ಟೈಫಸ್‌ನ ದಾರಿ ಪೊದೆ. ಹುಲ್ಲು, ಕುರುಚಲು ಗಿಡಗಳಲ್ಲಿ ಇರುವ ಒಂದು ಬಗೆಯ ನುಸಿಯ ಮರಿಗಳು ಒರಿಯೆನ್ಷಿಯಾ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತಿರುತ್ತವೆ. ಅವು ಕಣ್ಣಿಗೆ ಕಾಣದಷ್ಟು ಚಿಕ್ಕವು, ಕಚ್ಚಿದರೆ ನೋವಾಗುವುದಿಲ್ಲ. ಸೌದೆ ತರುವವರು, ದನ ಮೇಯಿಸುವವರು, ಜೇನಿಗೆ ಹೋಗುವವರು, ಬೇಲಿ ಸವರುವವರು ಕಚ್ಚಿದ್ದನ್ನು ಅರಿಯದೆಯೇ ಮನೆಗೆ ಬರುತ್ತಾರೆ. ಸುಮಾರು ಹತ್ತು ಹನ್ನೆರಡು ದಿನಗಳ ನಂತರ ಜ್ವರ ಬರುತ್ತದೆ. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆಯೊಂದು ಎಷ್ಟೋ ಜನರಲ್ಲಿ ಉಳಿದಿರುತ್ತದೆ. ಅದು ಇರುವುದು ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ದಾರ ಬಿಗಿಯುವ ಜಾಗದಲ್ಲಿ. ನೋವಿಲ್ಲದ ಕಾರಣ ರೋಗಿ ಹೇಳುವುದಿಲ್ಲ, ಸಂಕೋಚದ ಜಾಗವಾದ ಕಾರಣ ಯಾರೂ ನೋಡುವುದಿಲ್ಲ. ಆ ಹಕ್ಕಳೆ ಕಂಡರೆ ರೋಗ ಯಾವುದೆಂದು ಬಹುಪಾಲು ಗೊತ್ತಾದಂತೆಯೇ.

ಮೂರನೆಯದರ ದಾರಿ ಕೊಟ್ಟಿಗೆ. ಹಸು, ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿದರೆ ಅದಕ್ಕೆ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣ. ಬಿದ್ದ ಕಂದು, ಮಾಸು, ಸುರಿದ ದ್ರವ ಇವುಗಳಲ್ಲೆಲ್ಲ ಬ್ಯಾಕ್ಟೀರಿಯಾ ತುಂಬಿರುತ್ತದೆ. ಬರಿಗೈಯಲ್ಲಿ ಮಾಸು ತೆಗೆಯುವವರಿಗೆ, ಹಸಿ ಹಾಲು ಕುಡಿಯುವವರಿಗೆ ಅದು ಅಂಟುತ್ತದೆ. ಮನುಷ್ಯರಲ್ಲಿ ಈ ಜ್ವರ ಏರುತ್ತಾ ಇಳಿಯುತ್ತಾ ವಾರಗಟ್ಟಲೆ ಎಳೆಯುತ್ತದೆ. ರಾತ್ರಿ ವಿಪರೀತ ಬೆವರು, ಸೊಂಟ ಮತ್ತು ಕೀಲುಗಳ ನೋವು, ಸುಸ್ತು ಇರುತ್ತವೆ. ವಾತವೆಂದೋ ಬೆನ್ನುನೋವೆಂದೋ ಚಿಕಿತ್ಸೆ ಪಡೆಯುತ್ತಾ ತಿಂಗಳುಗಳನ್ನು ಕಳೆದವರಿದ್ದಾರೆ.

ನಾಲ್ಕನೆಯದಾದ ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ, ಎಲ್ಲರಿಗೂ ಪರಿಚಿತ. ರೋಗಿಯ ಮಲದಲ್ಲಿರುವ ಬ್ಯಾಕ್ಟೀರಿಯಾ ಕುಡಿಯುವ ನೀರು, ಆಹಾರವನ್ನು ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋಗುವುದು ಇದರ ದಾರಿ. ಹೆಸರು ಪರಿಚಿತವಾದ್ದರಿಂದಲೇ ಒಂದು ತೊಂದರೆ ಇದೆ. ಬೇರೆ ಮೂರು ಜ್ವರಗಳೂ ಎಷ್ಟೋ ಸಲ ಟೈಫಾಯ್ಡ್ ಎಂದೇ ಕರೆಸಿಕೊಳ್ಳುತ್ತವೆ. ಏಕೆ ಹಾಗಾಗುತ್ತದೆ ಎಂದು ತಿಳಿಯಲು ರಕ್ತಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡಬೇಕು.

ಸೋಂಕು ಪರೀಕ್ಷೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬ್ಯಾಕ್ಟೀರಿಯಾವನ್ನೇ ಹುಡುಕುವಂಥದ್ದು. ರಕ್ತವನ್ನು ಪೋಷಕ ದ್ರವಕ್ಕೆ ಹಾಕಿ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸುವುದು ಬ್ಲಡ್ ಕಲ್ಚರ್. ಅದರ ವಂಶವಾಹಿಯ ತುಣುಕನ್ನು ಲಕ್ಷಗಟ್ಟಲೆ ಪ್ರತಿ ಮಾಡಿ ಗುರುತಿಸುವುದು ಪಿಸಿಆರ್. ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ ಹೆಸರು ಇದು. ಎರಡನೆಯ ಬಗೆ ಬ್ಯಾಕ್ಟೀರಿಯಾದ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಎಲೈಸಾ, ವಿಡಾಲ್ ಪರೀಕ್ಷೆಗಳು ಈ ಬಗೆಯವು. ನಾಗರಹೊಳೆಯ ಅಂಚಿನಲ್ಲಿ ಬದುಕುವವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ: ಹುಲಿಯನ್ನು ಕಾಣುವುದು ಬೇರೆ, ಅದರ ಹೆಜ್ಜೆ ಕಾಣುವುದು ಬೇರೆ. ಹೆಜ್ಜೆ ಇಂದಿನದೂ ಆಗಿರಬಹುದು, ಹೋದ ವಾರದ್ದೂ ಆಗಿರಬಹುದು.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಪ್ರತಿಕಾಯ ತಯಾರಾಗಲು ದೇಹಕ್ಕೆ ಐದರಿಂದ ಏಳು ದಿನ ಬೇಕು. ಇಲಿಜ್ವರ ಬಂದು ಎರಡೇ ದಿನಕ್ಕೆ ಎಲೈಸಾ ಮಾಡಿಸಿದರೆ ಕಾಯಿಲೆ ಇದ್ದರೂ ‘ನೆಗೆಟಿವ್’ ಬರಬಹುದು. ಆಗ ಉಪಯೋಗಕ್ಕೆ ಬರುವುದು ಪಿಸಿಆರ್. ಎರಡನೆಯ ವಾರದಲ್ಲಿ ಇದು ತಿರುಗುಮುರುಗಾಗುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗಿ ಪ್ರತಿಕಾಯ ಹೆಚ್ಚಿರುತ್ತದೆ. ಆದ್ದರಿಂದ ಜ್ವರ ಯಾವ ದಿನ ಶುರುವಾಯಿತು ಎಂದು ಸರಿಯಾಗಿ ಹೇಳದಿದ್ದರೆ ಯಾವ ಪರೀಕ್ಷೆ ಬರೆಯಬೇಕು, ಬಂದ ಫಲಿತಾಂಶವನ್ನು ಎಷ್ಟು ನಂಬಬೇಕು ಎಂಬುದೇ ವೈದ್ಯರಿಗೆ ತಿಳಿಯದು.

ಎರಡನೆಯದು ವಿಡಾಲ್‌ಗೆ ಸಂಬಂಧಿಸಿದ್ದು. ಫ್ರಾನ್ಸಿನ ಫೆರ್ನಾಂದ್ ವಿಡಾಲ್ 1896ರಲ್ಲಿ ಟೈಫಾಯ್ಡ್ ಪತ್ತೆಗೆಂದು ರೂಪಿಸಿದ ಈ ಪರೀಕ್ಷೆ ಅಗ್ಗ, ಯಾವ ಸಣ್ಣ ಲ್ಯಾಬಿನಲ್ಲೂ ಮಾಡಬಹುದು. ಆದರೆ ಟೈಫಾಯ್ಡ್ ಆಗಾಗ ಹರಡುವ ನಮ್ಮಂಥ ನಾಡಿನಲ್ಲಿ ಆರೋಗ್ಯವಂತರ ರಕ್ತದಲ್ಲೂ ಹಳೆಯ ಸೋಂಕಿನ ಪ್ರತಿಕಾಯಗಳು ಸ್ವಲ್ಪ ಮಟ್ಟಿಗೆ ಇರುತ್ತವೆ. ಬೇರೆ ಜ್ವರಗಳಲ್ಲೂ ಅವು ಏರಬಹುದು. ಹಾಗಾಗಿ ಒಂದೇ ಸಲದ ವಿಡಾಲ್ ‘ಪಾಸಿಟಿವ್’ ಬಂದರೆ ಟೈಫಾಯ್ಡ್ ಇದೆ ಎಂದು ಅರ್ಥವಲ್ಲ. ನಂಬಬಹುದಾದ ಪರೀಕ್ಷೆ ಬ್ಲಡ್ ಕಲ್ಚರ್. ಅದೂ ನೂರು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು 60 ಮಂದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾವನ್ನು ತೋರಿಸುತ್ತದೆ. ರಕ್ತ ಕೊಡುವ ಮೊದಲೇ ಮೆಡಿಕಲ್ ಸ್ಟೋರಿನಿಂದ ತಂದ ಎರಡು ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದ್ದರೆ ಆ ಸಾಧ್ಯತೆ ಇನ್ನೂ ಕುಗ್ಗುತ್ತದೆ. ಬ್ಯಾಕ್ಟೀರಿಯಾ ಸಾಯದೆ ಬರೀ ದುರ್ಬಲಗೊಂಡಿದ್ದರೂ ಲ್ಯಾಬಿನ ಬಾಟಲಿಯಲ್ಲಿ ಬೆಳೆಯದೇ ಹೋಗಬಹುದು.

ಮೂಲ ತಿಳಿಯುವುದು ಇಷ್ಟು ಮುಖ್ಯವೇಕೆ? ಒಂದೇ ಔಷಧಿ ನಾಲ್ಕಕ್ಕೂ ಆಗುವುದಿಲ್ಲವಾದ್ದರಿಂದ. ಜ್ವರಕ್ಕೆಂದು ಆಸ್ಪತ್ರೆ ಸೇರಿದವರಿಗೆ ಹೆಚ್ಚಾಗಿ ಕೊಡುವ ಇಂಜೆಕ್ಷನ್ ಸೆಫ್ಟ್ರಿಯಾಕ್ಸೋನ್. ಅದು ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಟೈಫಾಯ್ಡ್‌ಗೆ, ತೀವ್ರವಾದ ಇಲಿಜ್ವರಕ್ಕೆ ಅದು ಒಳ್ಳೆಯ ಔಷಧಿ. ಆದರೆ ಸ್ಕ್ರಬ್ ಟೈಫಸ್‌ನ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿರುತ್ತದೆ, ಅದರ ಗೋಡೆಯೂ ತೀರಾ ತೆಳುವು. ಅಲ್ಲಿ ಸೆಫ್ಟ್ರಿಯಾಕ್ಸೋನ್ ಎಷ್ಟು ಕೊಟ್ಟರೂ ಜ್ವರ ಇಳಿಯದು. ಜೀವಕೋಶದೊಳಕ್ಕೆ ಹೋಗಿ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಬೇಕು. ಗರ್ಭಿಣಿಯರಿಗೆ ಅದರ ಬದಲು ಅಜಿಥ್ರೋಮೈಸಿನ್ ಕೊಡುತ್ತಾರೆ. ಸರಿಯಾದ ಔಷಧಿ ಬಿದ್ದರೆ ಸ್ಕ್ರಬ್ ಟೈಫಸ್‌ನ ಜ್ವರ ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುತ್ತದೆ. ತೀವ್ರ ಪ್ರಕರಣಗಳಲ್ಲಿ ಈ ಎರಡೂ ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಹೆಚ್ಚು ಫಲವಿದೆ ಎಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರ ಮುಂದಾಳತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಸೌಮ್ಯ ಇಲಿಜ್ವರಕ್ಕೂ ಡಾಕ್ಸಿಸೈಕ್ಲಿನ್ ಸಾಕು. ಕಂದು ರೋಗಕ್ಕೂ ಅದೇ ಬೇಕು, ಆದರೆ ಒಂದು ವಾರವಲ್ಲ, ಆರು ವಾರ, ಜೊತೆಗೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್‌ನಂಥ ಇನ್ನೊಂದು ಔಷಧಿ. ಆ ಬ್ಯಾಕ್ಟೀರಿಯಾ ಜೀವಕೋಶಗಳಲ್ಲಿ ಅಡಗಿ ಕೂರುವುದರಿಂದ ಅರ್ಧಕ್ಕೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಟೈಫಾಯ್ಡ್‌ನ ಕಥೆ ಬೇರೆ. ಒಂದು ಕಾಲದಲ್ಲಿ ಸುಲಭವಾಗಿ ಗುಣಪಡಿಸುತ್ತಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ನಮ್ಮ ದೇಶದ ಟೈಫಾಯ್ಡ್ ಬ್ಯಾಕ್ಟೀರಿಯಾ ಈಗ ಬಹುಪಾಲು ಬಗ್ಗುವುದಿಲ್ಲ. ಅನಗತ್ಯ ಬಳಕೆಗೆ ನಾವು ತೆತ್ತ ಬೆಲೆ ಅದು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ಗಳಿಗೂ ಅದೇ ಗತಿ ಬರಬಾರದೆಂದು 2014ರಿಂದ ಜಾರಿಯಲ್ಲಿರುವ ‘ಎಚ್1’ ನಿಯಮದ ಪಟ್ಟಿಯಲ್ಲಿ ಇವನ್ನು ಸೇರಿಸಲಾಗಿದೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು.

ತಡೆಗಟ್ಟುವುದೂ ದಾರಿಯನ್ನು ಅನುಸರಿಸಿಯೇ. ಗದ್ದೆಗೆ ಇಳಿಯುವವರು ಗಾಯವನ್ನು ನೀರು ಹೋಗದಂತೆ ಮುಚ್ಚಬೇಕು. ಸಾಧ್ಯವಿರುವ ಕೆಲಸದಲ್ಲಿ ಗಂಬೂಟು ತೊಡಬೇಕು. ಸಂಜೆ ಕೈಕಾಲನ್ನು ಸೋಪಿನಿಂದ ತೊಳೆಯಬೇಕು. ಅಪಾಯ ಹೆಚ್ಚಿರುವ ಕಡೆ ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಕ್ರಮವೂ ಇದೆ. ಪೊದೆಯ ಕೆಲಸಕ್ಕೆ ಹೋಗುವವರು ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಸ್ನಾನ ಮಾಡಿ ಆ ಬಟ್ಟೆಯನ್ನು ಒಗೆಯಬೇಕು. ಕೊಟ್ಟಿಗೆಯಲ್ಲಿ ಮಾಸು ಮುಟ್ಟುವಾಗ ಕೈಗವಸು ಬೇಕು. ಬಿದ್ದ ಕಂದನ್ನು ನಾಯಿಗಳು ಎಳೆಯದಂತೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಜೀವಮಾನಕ್ಕೆ ಒಮ್ಮೆ ಹಾಕುವ ಕಂದು ರೋಗದ ಲಸಿಕೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಭಾಗ. ಹಾಲು ಕಾಯಿಸಿ ಕುಡಿಯುವ ನಮ್ಮ ಮನೆಗಳ ಅಭ್ಯಾಸವೂ ದೊಡ್ಡ ರಕ್ಷಣೆ. ಟೈಫಾಯ್ಡ್ ತಡೆಗೆ ಶುದ್ಧ ನೀರು, ಶೌಚಾಲಯ ಬೇಕು. ಜೊತೆಗೆ ಆರು ತಿಂಗಳು ದಾಟಿದ ಮಕ್ಕಳಿಗೂ ಕೊಡಬಹುದಾದ ಲಸಿಕೆ ಇದೆ, ಅದು ಹೈದರಾಬಾದಿನಲ್ಲೇ ತಯಾರಾಗುತ್ತದೆ.

ಇಷ್ಟನ್ನು ನೋಡಿದ ಮೇಲೆ ಒಂದು ಮಾತು ಹೇಳಬಹುದು. ತಾಲ್ಲೂಕು ಮಟ್ಟದಲ್ಲಿ ಈ ಜ್ವರಗಳ ಮೊದಲ ಪರೀಕ್ಷೆ ಲ್ಯಾಬಿನಲ್ಲಿ ನಡೆಯುವುದಿಲ್ಲ, ವೈದ್ಯರು ಮತ್ತು ರೋಗಿಯ ಮಾತಿನಲ್ಲಿ ನಡೆಯುತ್ತದೆ. ಎಲೈಸಾದ ಒಂದು ತಟ್ಟೆಯಲ್ಲಿ 96 ಗುಳಿಗಳಿರುತ್ತವೆ. ಖರ್ಚು ಉಳಿಸಲು ಹಲವರ ರಕ್ತ ಸೇರುವವರೆಗೆ ಕಾಯುವುದು ಲ್ಯಾಬುಗಳ ರೂಢಿ. ಸ್ಕ್ರಬ್ ಟೈಫಸ್ ಅಷ್ಟು ದಿನ ಕಾಯದು. ಅನುಮಾನ ಬಂದ ಕೂಡಲೇ ಔಷಧಿ ಆರಂಭಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ ಹೇಳುವುದು ಇದೇ ಕಾರಣಕ್ಕೆ. ಆ ಅನುಮಾನ ಹುಟ್ಟಬೇಕಾದರೆ ಕಳೆದ ಎರಡು ಮೂರು ವಾರ ರೋಗಿ ಎಲ್ಲಿ, ಯಾವ ಕೆಲಸ ಮಾಡಿದರು ಎಂಬುದು ವೈದ್ಯರ ಕಿವಿಗೆ ಬೀಳಬೇಕು. ನಾಟಿಗೆ ಹೋಗಿದ್ದೆ, ಸೌದೆಗೆ ಹೋಗಿದ್ದೆ, ನಮ್ಮ ಹಸು ಕಂದು ಹಾಕಿತ್ತು ಎಂಬ ಒಂದು ವಾಕ್ಯ ದುಬಾರಿ ಪರೀಕ್ಷೆಗಿಂತ ಬೇಗ ದಾರಿ ತೋರಿಸಬಲ್ಲದು.

ಆದ್ದರಿಂದ ಹೊರರೋಗಿಗಳ ಚೀಟಿಯಲ್ಲಿ ವಯಸ್ಸಿನ ಪಕ್ಕದಲ್ಲೇ ಉದ್ಯೋಗ ಮತ್ತು ಜ್ವರ ಬಂದ ದಿನಾಂಕವನ್ನು ಬರೆಯುವುದು ಕಡ್ಡಾಯವಾಗಲಿ. ಅದಕ್ಕೆ ಹೊಸ ಯಂತ್ರವೂ ಬೇಡ, ಅನುದಾನವೂ ಬೇಡ. ಪಶುವೈದ್ಯರು ಕಂದು ರೋಗ ಕಂಡ ಮನೆಯ ವಿಳಾಸವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸುವಂತಾಗಲಿ. ಮಳೆಗಾಲದಲ್ಲಿ ತಾಲ್ಲೂಕುಗಳಿಂದ ಮೈಸೂರಿಗೆ ರಕ್ತದ ಮಾದರಿ ದಿನವೂ ಹೋಗಿ ಫಲಿತಾಂಶ ಬೇಗ ಮರಳಲಿ. ಜನರಿಂದ ಕೇಳುವುದು ಇಷ್ಟು: ರಕ್ತ ಕೊಡುವ ಮೊದಲು ಆ್ಯಂಟಿಬಯೋಟಿಕ್ ನುಂಗಬೇಡಿ. ಒಂದು ವಿಡಾಲ್ ಚೀಟಿಯನ್ನೇ ಕೊನೆಯ ತೀರ್ಪೆಂದು ನಂಬಬೇಡಿ. ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ ಒಂದು ಗಂಟೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಈ ನಾಲ್ಕೂ ಜ್ವರಗಳಿಗೆ ನಮ್ಮ ಬಳಿ ಔಷಧಿ ಇದೆ, ಅದರಲ್ಲಿ ಹೆಚ್ಚಿನದು ಅಗ್ಗವೂ ಹೌದು. ಸರಿಯಾದ ಜ್ವರಕ್ಕೆ ಸರಿಯಾದ ಔಷಧಿಯನ್ನು ಸಕಾಲದಲ್ಲಿ ತಲುಪಿಸುವುದಷ್ಟೇ ಉಳಿದಿರುವ ಕೆಲಸ. ಆ ಕೆಲಸ ಈ ನಾಲ್ಕು ತಾಲ್ಲೂಕುಗಳ ಕೈಗೆ ಎಟುಕದ್ದೇನಲ್ಲ.