ಆಲಿವ್ ಎಣ್ಣೆಯನ್ನು ಉಣ್ಣುವ ಬಗೆ



ನಮ್ಮ ಚಿಕಿತ್ಸಾಲಯಕ್ಕೆ ಬರುವವರಿಂದ ಈಚಿನ ಕೆಲವು ವರ್ಷಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. "ಡಾಕ್ಟ್ರೇ, ಆಲಿವ್ ಎಣ್ಣಿ ಮುಂಜಾನೆ ಬರೇ ಹೊಟ್ಟೀಲೆ ಎಷ್ಟು ಚಮಚ ಕುಡೀಬೇಕ್ರೀ?" ಮಗನೋ ಮಗಳೋ ಹೊರದೇಶದಿಂದ ತಂದುಕೊಟ್ಟ ಸೀಸೆ ಅವರ ಕೈಚೀಲದಲ್ಲಿರುತ್ತದೆ. ಕೆಲವರು ಅದನ್ನು ಹೃದ್ರೋಗಕ್ಕೆ ಔಷಧವೆಂದು ನಂಬಿ ಮೂಗು ಮುಚ್ಚಿಕೊಂಡು ಕುಡಿಯುತ್ತಾರೆ. ಮತ್ತೆ ಕೆಲವರು ಪರದೇಶದ ವಸ್ತುವೆಂದು ಮುಟ್ಟುವುದೇ ಇಲ್ಲ. ಎರಡೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಒಳ್ಳೆಯ ಆಲಿವ್ ಎಣ್ಣೆ ರುಚಿಯಾದ ಒಂದು ಆಹಾರ. ಅದನ್ನು ಊಟದ ಜೊತೆಗೆ, ಮಿತವಾಗಿ, ಸಂತೋಷದಿಂದ ಉಣ್ಣಬೇಕು. ಇದನ್ನು ವಿವರಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮೂರಿನ ವೃದ್ಧ ತಾಯಿಯೊಬ್ಬರಿಗೆ ಇಟಲಿಯಲ್ಲಿ ಉದ್ಯೋಗದಲ್ಲಿರುವ ಮಗ ರಜೆಗೆ ಬಂದಾಗ ಎರಡು ಸೀಸೆ ಆಲಿವ್ ಎಣ್ಣೆ ತಂದುಕೊಟ್ಟಿದ್ದನು. ಆ ತಾಯಿ ನಮ್ಮ ಬಳಿಗೆ ಬಂದು, ಉಣ್ಣಬಹುದೇ ಎಂದು ಕೇಳಿದರು. ನಾವು ಸೀಸೆಯ ಮುಚ್ಚಳವನ್ನೂ ತೆಗೆಯದೆ, "ನಮ್ಮ ನೆಲದಲ್ಲಿ ಬೆಳೆದದ್ದಲ್ಲ ತಾಯಿ, ನಿಮ್ಮ ಮೈಗೆ ಒಗ್ಗುವುದಿಲ್ಲ" ಎಂದು ಹೇಳಿ ಕಳುಹಿಸಿಬಿಟ್ಟೆವು. ವೈದ್ಯರ ಮಾತು ಎಂದು ಅವರು ಸುಮ್ಮನಾದರು. ಎರಡು ವರ್ಷಗಳ ನಂತರ ಅವೇ ಸೀಸೆಗಳನ್ನು ಮತ್ತೆ ತಂದು ನಮ್ಮ ಮೇಜಿನ ಮೇಲಿಟ್ಟರು. ಒಂದರ ಮುಚ್ಚಳವನ್ನು ತೆಗೆದರೆ ಹಳೆಯ ಶೇಂಗಾದಂಥ ಕಮಟು ವಾಸನೆ. "ದೀಪಕ್ಕಾದ್ರೂ ಹಾಕಬಹುದೇನ್ರೀ? ಫೋನ್ ಮಾಡಿದಾಗೆಲ್ಲಾ ದಿನಾ ಉಣ್ತೀನಪಾ ಅಂತ ಸುಳ್ಳ ಹೇಳೀನಿ. ಈ ಸಲ ಬಂದಾಗ ಸೀಸೆ ನೋಡಿದ್ರ ಏನಂದಾನು" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಮಗನ ಪ್ರೀತಿಗೂ ತಾಯಿಯ ತಟ್ಟೆಗೂ ನಡುವೆ ನಾವು ತಿಳಿಯದೆ ಆಡಿದ ಒಂದು ಮಾತು ಅಡ್ಡ ನಿಂತಿತ್ತು.

ಮುಂದೆ ಒಂದು ವರ್ಷ ನವೆಂಬರ್ ತಿಂಗಳಲ್ಲಿ ನಾವು ಬೊಲೋನ್ಯಾ ನಗರದಲ್ಲಿರುವ ನಮ್ಮ ಮಗಳ ಮನೆಗೆ ಹೋಗುವ ಪ್ರಸಂಗ ಒದಗಿತು. ಅದು ಆ ನಾಡಿನಲ್ಲಿ ಆಲಿವ್ ಕಾಯಿ ಬಿಡಿಸುವ ಕಾಲ. ಅಲ್ಲಿಂದ ಆಗ್ನೇಯಕ್ಕೆ ಬ್ರಿಸಿಗೆಲ್ಲಾ ಎಂಬ ಗುಡ್ಡದೂರಿನ ಸುತ್ತ ಹೆಸರಾಂತ ಎಣ್ಣೆ ತಯಾರಾಗುತ್ತದೆ ಎಂದು ಮಗಳು ನಮ್ಮನ್ನು ಕರೆದುಕೊಂಡು ಹೋದಳು. ಅಲ್ಲಿನ ಗಾಣದಲ್ಲಿ ಈಗ ಎತ್ತುಗಳಿಲ್ಲ, ಕಲ್ಲೂ ಇಲ್ಲ. ಕಾಯಿಗಳನ್ನು ತೊಳೆದು, ಬೀಜಸಹಿತ ಅರೆದು, ಆ ಹಿಟ್ಟನ್ನು ಅರ್ಧ ಗಂಟೆಯಷ್ಟು ಕಾಲ ನಿಧಾನವಾಗಿ ಕಲಸಿ, ತಿರುಗುವ ಯಂತ್ರದಿಂದ ಎಣ್ಣೆಯನ್ನು ಬೇರ್ಪಡಿಸುತ್ತಾರೆ. ಇಷ್ಟೆಲ್ಲ ನಡೆಯುವಾಗ ಶಾಖ 27 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಂಡರೆ ಮಾತ್ರ 'ತಣ್ಣನೆ ತೆಗೆದ ಎಣ್ಣೆ' ಎಂದು ಬರೆದುಕೊಳ್ಳಲು ಅಲ್ಲಿ ಅನುಮತಿಯುಂಟು. ಕಾಯಿಯನ್ನು ಮರದಿಂದ ಕಿತ್ತು ಬಾಯಿಗೆ ಹಾಕಿಕೊಂಡರೆ ಬೇವಿಗಿಂತ ಕಹಿ. ಅದರಿಂದ ಹೊರಬಂದ ಎಣ್ಣೆಯೋ ಹಸಿರು ಬಣ್ಣ, ಆಗ ತಾನೇ ಕೊಯ್ದ ಹುಲ್ಲಿನ ವಾಸನೆ.

ಗಾಣದವರು ಪುಟ್ಟ ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ ನಮಗೆ ಕೊಟ್ಟರು. ನುಂಗಿದ ಕೂಡಲೇ ಗಂಟಲಲ್ಲಿ ಮೆಣಸಿನ ಖಾರದಂಥ ಉರಿ ಹತ್ತಿ ಕೆಮ್ಮು ಬಂದಿತು. ಅವರು ನಕ್ಕು ತಲೆದೂಗಿದರು. ಅಲ್ಲಿ ಕೆಮ್ಮು ಬರಿಸುವುದೇ ಎಣ್ಣೆಯ ಯೋಗ್ಯತೆ. ಆ ಖಾರಕ್ಕೆ ಕಾರಣ ಓಲಿಯೋಕ್ಯಾಂಥಾಲ್ ಎಂಬ ದ್ರವ್ಯ. ಅದು ನೋವುನಿವಾರಕ ಐಬುಪ್ರೊಫೇನಿನಂತೆಯೇ ಉರಿಯೂತದ ಕ್ರಿಯೆಯನ್ನು ತಡೆಯಬಲ್ಲದೆಂದು 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆದರೆ ಊಟದ ಎಣ್ಣೆಯಲ್ಲಿ ಅದರ ಪ್ರಮಾಣ ಬಹಳ ಅಲ್ಪ. ಮಂಡಿನೋವಿನ ಮಾತ್ರೆಯ ಬದಲು ಎಣ್ಣೆ ಕುಡಿಯುವುದಕ್ಕೆ ಇದು ಆಧಾರವಾಗದು.

ಬಳಿಕ ಸುಟ್ಟ ರೊಟ್ಟಿಯ ತುಂಡಿಗೆ ಬೆಳ್ಳುಳ್ಳಿ ಉಜ್ಜಿ, ಉಪ್ಪು ಉದುರಿಸಿ, ಮೇಲೆ ಹಸಿ ಎಣ್ಣೆ ಸುರಿದು ಕೊಟ್ಟರು. ಆಗ ನಮಗೆ ನಮ್ಮ ತಾಯಿಯವರ ಅಡುಗೆಮನೆ ನೆನಪಾಯಿತು. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅಥವಾ ಗುರೆಳ್ಳು ಚಟ್ನಿ, ಅದರ ನಡುವೆ ಬೆರಳಿನಿಂದ ಗುಳಿ ಮಾಡಿ ಹಾಕಿದ ಹಸಿ ಕುಸುಬಿ ಎಣ್ಣೆ. ಕಾಯಿಸದ ಎಣ್ಣೆಯ ರುಚಿಯನ್ನು ಉತ್ತರ ಕರ್ನಾಟಕದವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಒಗ್ಗುವುದಿಲ್ಲ ಎಂದು ನಾವು ಯಾವ ಎಣ್ಣೆಯ ಬಗ್ಗೆ ಹೇಳಿದ್ದೆವೋ, ಅದನ್ನು ಉಣ್ಣುವ ಪದ್ಧತಿ ನಮ್ಮ ಮನೆಯದೇ ಆಗಿತ್ತು.

ಶಾಸ್ತ್ರ ಏನು ಹೇಳುತ್ತದೆ ಎಂದು ಭಕ್ತರು ಕೇಳುವುದು ಸಹಜ. ಆಲಿವ್ ಎಣ್ಣೆಯ ಉಲ್ಲೇಖ ನಮ್ಮ ಪ್ರಾಚೀನ ಸಂಹಿತೆಗಳಲ್ಲಿಲ್ಲ. ಯೂನಾನಿ ವೈದ್ಯದಲ್ಲಿ ಜೈತೂನ್ ಎಂಬ ಹೆಸರಿನಿಂದ ಅದು ಬಳಕೆಯಲ್ಲಿದೆ. ಆದುದರಿಂದ ಆಯುರ್ವೇದದಲ್ಲಿ ಹೀಗೆ ಹೇಳಿದೆ ಎಂದು ಆಲಿವ್ ಎಣ್ಣೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ಪ್ರಾಮಾಣಿಕವಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಮುಚ್ಚಿಡಬಾರದು. ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯ ಸಸ್ಯಜನ್ಯ ಸ್ನೇಹಗಳಲ್ಲಿ ಎಳ್ಳೆಣ್ಣೆಯನ್ನು ಅತ್ಯಂತ ಹಿತವೆಂದೂ ಕುಸುಬಿ ಎಣ್ಣೆಯನ್ನು ಅತ್ಯಂತ ಅಹಿತವೆಂದೂ ಎಣಿಸಿದೆ. ಆದರೂ ನಮ್ಮ ಹಿರಿಯರು ತಲೆಮಾರುಗಳ ಕಾಲ ಕುಸುಬಿ ಎಣ್ಣೆಯನ್ನೇ ಉಂಡು ಹೊಲದಲ್ಲಿ ದುಡಿದರು. ಇದಕ್ಕೆ ಸಮಾಧಾನವೂ ಚರಕನಲ್ಲಿಯೇ ದೊರೆಯುತ್ತದೆ. ನಿತ್ಯದ ಅಭ್ಯಾಸದಿಂದ ದೇಹಕ್ಕೆ ಒಗ್ಗಿಹೋದದ್ದನ್ನು ಅವನು ಓಕಸಾತ್ಮ್ಯ ಎಂದು ಕರೆದಿದ್ದಾನೆ. ಒಗ್ಗುವಿಕೆ ಎಂಬುದು ನೆಲದಿಂದ ಮಾತ್ರ ಬರುವುದಿಲ್ಲ, ರೂಢಿಯಿಂದಲೂ ಬರುತ್ತದೆ. ಹೊಸ ಆಹಾರವನ್ನು ಒಮ್ಮೆಲೇ ಹಿಡಿಯದೆ ಕಾಲುಕಾಲು ಭಾಗವಾಗಿ ರೂಢಿಸಿಕೊಳ್ಳುವ ಕ್ರಮವನ್ನೂ ಅವನೇ ಹೇಳಿದ್ದಾನೆ. ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರವನ್ನು ಅಳೆಯಲು ಎಂಟು ಅಂಶಗಳಿವೆ. ಅವುಗಳಲ್ಲಿ ಕರಣ, ಸಂಯೋಗ, ರಾಶಿ ಈ ಮೂರನ್ನು ಹಿಡಿದು ಆಲಿವ್ ಎಣ್ಣೆಯನ್ನು ನೋಡೋಣ.

ಕರಣವೆಂದರೆ ಪದಾರ್ಥಕ್ಕೆ ನೀಡುವ ಸಂಸ್ಕಾರ. ಅಂಗಡಿಯಲ್ಲಿ ಆಲಿವ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಎಣ್ಣೆಗಳಿವೆ. 'ಎಕ್ಸ್‌ಟ್ರಾ ವರ್ಜಿನ್' ಎಂಬುದು ಕಾಯಿಯನ್ನು ಹಿಂಡಿ ತೆಗೆದ ಎಣ್ಣೆ. ಅದರಲ್ಲಿ ಬಿಡಿ ಆಮ್ಲ ಶೇಕಡಾ 0.8ನ್ನು ಮೀರಕೂಡದೆಂಬ ಅಂತರರಾಷ್ಟ್ರೀಯ ನಿಯಮವಿದೆ. 'ಪೋಮೇಸ್' ಎಂದು ಬರೆದದ್ದು ಹಿಂಡಿಯಲ್ಲಿ ಉಳಿದ ಅಂಶವನ್ನು ರಾಸಾಯನಿಕ ದ್ರಾವಕದಿಂದ ತೆಗೆದು ಶುದ್ಧೀಕರಿಸಿದ್ದು. 'ಲೈಟ್' ಎಂದು ಬರೆದ ಮಾತ್ರಕ್ಕೆ ಕೊಬ್ಬು ಕಡಿಮೆಯಿರುವುದಿಲ್ಲ. ಅದು ಶುದ್ಧೀಕರಿಸಿದ, ಬಣ್ಣವೂ ರುಚಿಯೂ ತೆಳುವಾದ ಎಣ್ಣೆ ಅಷ್ಟೇ. ರುಚಿಗಾಗಿ ಕೊಳ್ಳುವುದಾದರೆ ಎಕ್ಸ್‌ಟ್ರಾ ವರ್ಜಿನ್ ಒಂದನ್ನೇ, ಕಪ್ಪು ಗಾಜಿನ ಸಣ್ಣ ಸೀಸೆಯಲ್ಲಿ, ತಯಾರಿಕೆಯ ದಿನಾಂಕ ನೋಡಿ ಕೊಳ್ಳಬೇಕು. ಬೆಳಕು, ಶಾಖ, ಗಾಳಿ ಈ ಮೂರೂ ಅದಕ್ಕೆ ಶತ್ರುಗಳು. ಒಲೆಯ ಪಕ್ಕದಲ್ಲಾಗಲಿ ಕಿಟಕಿಯಲ್ಲಾಗಲಿ ಇಡಬಾರದು. ಮುಚ್ಚಳ ತೆರೆದ ಮೇಲೆ ಒಂದೆರಡು ತಿಂಗಳಲ್ಲಿ ಉಂಡು ಮುಗಿಸಬೇಕು. ಪ್ರೀತಿಯ ಉಡುಗೊರೆಯೆಂದು ಎತ್ತಿಟ್ಟಷ್ಟೂ ಅದು ಕೆಡುತ್ತದೆ.

ಸಂಯೋಗವೆಂದರೆ ಯಾವುದರ ಜೊತೆಗೆ ಎಂಬುದು. ಸ್ಪೇನ್ ದೇಶದಲ್ಲಿ ಹೃದ್ರೋಗದ ಅಪಾಯವಿದ್ದ ಸುಮಾರು 7,400 ಮಂದಿಯ ಮೇಲೆ ಪ್ರೆಡಿಮೆಡ್ ಎಂಬ ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. ಅದರ ಕ್ರಮದಲ್ಲಿ ದೋಷ ಕಂಡುಬಂದುದರಿಂದ ಹಿಂದಕ್ಕೆ ಪಡೆದು, ಮತ್ತೆ ಲೆಕ್ಕ ಹಾಕಿ 2018ರಲ್ಲಿ ಪುನಃ ಪ್ರಕಟಿಸಿದರು. ಆಲಿವ್ ಎಣ್ಣೆಯೊಡನೆ ಅಲ್ಲಿನ ಸಾಂಪ್ರದಾಯಿಕ ಆಹಾರವನ್ನು ಉಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಅವಘಡಗಳು ಶೇಕಡಾ 30ರಷ್ಟು ಕಡಿಮೆಯಿದ್ದವು. ಗಮನಿಸಬೇಕಾದ ಮಾತೆಂದರೆ ಅವರು ಎಣ್ಣೆಯೊಂದನ್ನೇ ಕುಡಿದವರಲ್ಲ. ತರಕಾರಿ, ಕಾಳು, ಹಣ್ಣು, ಮೀನು ಇವೆಲ್ಲ ಅವರ ಊಟದಲ್ಲಿದ್ದವು. ನಮ್ಮ ಊಟದಲ್ಲಿ ಆ ಎಣ್ಣೆಗೆ ಸರಿಯಾದ ಜೊತೆ ಹೆಸರುಬೇಳೆ ಕೋಸಂಬರಿ, ಸೌತೆಕಾಯಿ, ಹಸಿ ಮೆಂತ್ಯಸೊಪ್ಪಿನ ಪಚಡಿ, ಮೊಳಕೆ ಕಾಳು, ಬೇಯಿಸಿದ ಸೊಪ್ಪು. ಒಲೆಯಿಂದ ಇಳಿಸಿದ ಮೇಲೆ ಒಂದು ಚಮಚ ಸುರಿದರೆ ಪರಿಮಳ ಉಳಿಯುತ್ತದೆ. ಅದನ್ನು ಬಿಸಿಯೇ ಮಾಡಬಾರದೆಂಬುದು ತಪ್ಪು ತಿಳಿವಳಿಕೆ. ಆ ನಾಡಿನವರು ನಿತ್ಯವೂ ಅದರಲ್ಲಿಯೇ ಅಡುಗೆ ಮಾಡುತ್ತಾರೆ. ಹೊಗೆಯೇಳದಂತೆ ಒಗ್ಗರಣೆ ಕೊಡಬಹುದು. ಬಜಿ, ಪೂರಿ ಕರಿಯಲು ಬಳಸುವುದು ಹಣವನ್ನೂ ಪರಿಮಳವನ್ನೂ ಕಳೆದುಕೊಂಡಂತೆ.

ರಾಶಿಯೆಂದರೆ ಪ್ರಮಾಣ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ, ಅದು ಯಾವ ಎಣ್ಣೆಯೇ ಆಗಿರಲಿ, ಸುಮಾರು 120 ಕ್ಯಾಲೊರಿ ಶಕ್ತಿಯಿದೆ. ಆದುದರಿಂದ ಆಲಿವ್ ಎಣ್ಣೆಯು ದಿನದ ಎಣ್ಣೆಯ ಬದಲಿಗೆ ಬರಬೇಕೇ ಹೊರತು ಅದರ ಮೇಲೆ ಸೇರಬಾರದು. ಬರಿಹೊಟ್ಟೆಯಲ್ಲಿ ಮೂರು ನಾಲ್ಕು ಚಮಚ ಕುಡಿದು ಹೊಟ್ಟೆ ತೊಳಸುವಿಕೆ, ಭೇದಿ ಎಂದು ನಮ್ಮಲ್ಲಿಗೆ ಬಂದವರಿದ್ದಾರೆ. ರಕ್ತದೊತ್ತಡದ, ಹೃದ್ರೋಗದ ಮಾತ್ರೆಗಳನ್ನು ಬಿಟ್ಟು ಎಣ್ಣೆಯನ್ನು ನೆಚ್ಚುವುದಂತೂ ಪ್ರಾಣಾಪಾಯದ ಮಾತು.

ಈಗ ಬಾಲ್ಸಮಿಕ್ ವಿನೆಗರ್ ಎಂಬ ಹುಳಿರಸದ ವಿಚಾರ. ಬೊಲೋನ್ಯಾಕ್ಕೆ ಹತ್ತಿರದ ಮೊಡೆನಾ ನಗರ ಇದರ ತವರು. ಅಲ್ಲಿನ ಒಂದು ಮನೆಯ ಅಟ್ಟಕ್ಕೆ ನಾವು ಹತ್ತಿದೆವು. ಓಕ್, ಚೆಸ್ಟ್‌ನಟ್, ಚೆರ್ರಿ, ಹಿಪ್ಪುನೇರಳೆ ಮುಂತಾದ ಬೇರೆ ಬೇರೆ ಮರದ ಪೀಪಾಯಿಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತಿದ್ದವು. ದ್ರಾಕ್ಷಿರಸವನ್ನು ಕುದಿಸಿ ಗಟ್ಟಿ ಮಾಡಿ, ಹುಳಿ ಬರಿಸಿ, ಆ ಪೀಪಾಯಿಗಳಲ್ಲಿ ಇಡುತ್ತಾರೆ. ಪ್ರತಿ ವರ್ಷ ಚಿಕ್ಕ ಪೀಪಾಯಿಯಿಂದ ಸ್ವಲ್ಪ ತೆಗೆದು, ಅದರಲ್ಲಿ ಕಡಿಮೆಯಾದುದನ್ನು ಅದಕ್ಕಿಂತ ದೊಡ್ಡದರಿಂದ ತುಂಬುತ್ತಾರೆ. ಕನಿಷ್ಠ 12 ವರ್ಷ ಕಳೆಯದೆ ಅದನ್ನು ಸಾಂಪ್ರದಾಯಿಕ ಎಂಬ ಹೆಸರಿನಿಂದ ಮಾರುವಂತಿಲ್ಲ. 25 ವರ್ಷ ಕಳೆದದ್ದಕ್ಕೆ ಬೇರೆಯೇ ಮರ್ಯಾದೆ. ಮಗಳು ಹುಟ್ಟಿದಾಗ ಪೀಪಾಯಿ ಸಾಲೊಂದನ್ನು ಹೂಡಿ, ಮದುವೆಯಲ್ಲಿ ಬಳುವಳಿಯಾಗಿ ಕೊಡುವ ವಾಡಿಕೆಯೂ ಅಲ್ಲಿತ್ತಂತೆ. ನಾಲಿಗೆಯ ಮೇಲೆ ಬಿದ್ದ ಒಂದು ಹನಿಯಲ್ಲಿ ಹುಣಸೆಯ ಹುಳಿ, ಬೆಲ್ಲದ ಸವಿ, ಮರದ ಒಗರು ಮೂರೂ ಇದ್ದವು.

ನಮ್ಮ ಅಂಗಡಿಗಳಲ್ಲಿ ಸಿಗುವುದು ಅದಲ್ಲ. ಅದು ದ್ರಾಕ್ಷಿರಸಕ್ಕೆ ವೈನ್ ವಿನೆಗರ್ ಬೆರೆಸಿ ಮಾಡುವ ಅಗ್ಗದ ಬಗೆ. ಮೊಡೆನಾದ ಹೆಸರಿನಿಂದ ಮಾರುವ ಅಂಥದಕ್ಕೆ 60 ದಿನಗಳ ಮಾಗುವಿಕೆ ಸಾಕು. ಅದೂ ಕೋಸಂಬರಿಗೆ ರುಚಿಯೇ. ಆದರೆ ಮೂರು ಎಚ್ಚರಿಕೆಗಳುಂಟು. ಸಿಹಿಮೂತ್ರ ರೋಗಿಗಳು ಗಮನಿಸಬೇಕಾದದ್ದು, ಒಂದು ದೊಡ್ಡ ಚಮಚದಲ್ಲಿ ಸುಮಾರು 2–3 ಗ್ರಾಂ ಸಕ್ಕರೆಯಿರುತ್ತದೆ, ಗಟ್ಟಿಯಾದ ಪಾಕದಂಥದರಲ್ಲಿ ಇನ್ನೂ ಹೆಚ್ಚು. ಆಮ್ಲಪಿತ್ತದವರಿಗೆ ಇಂಥ ಹುಳಿ ಹಿತವಲ್ಲ. ಶಾಸ್ತ್ರದಲ್ಲಿ ಶುಕ್ತವೆಂದು ಕರೆಯುವ ಹುಳಿರಸಗಳನ್ನು ಪಿತ್ತ ಕೆರಳಿಸುವವೆಂದೇ ಹೇಳಿದೆ. ಇನ್ನು ಮದ್ಯದ ಸಂಶಯ. ವಿನೆಗರ್ ಆಗುವಾಗ ಮದ್ಯಾಂಶ ಹುಳಿಯಾಗಿ ಮಾರ್ಪಟ್ಟು, ಉಳಿಯುವುದು ಅತ್ಯಲ್ಪ, ಅಮಲೇರಿಸುವಂಥದಲ್ಲ. ಆದರೂ ವೈನಿನಿಂದ ಬಂದದ್ದೆಂದು ಮನಸ್ಸು ಒಪ್ಪದವರು ಬಿಡಲಿ. ನಿಂಬೆರಸ ಹಿಂಡಿದರೆ ಆಲಿವ್ ಎಣ್ಣೆಗೆ ಯಾವ ಕೊರತೆಯೂ ಆಗದು. ಆ ಹುಳಿಯನ್ನು ಪಾರ್ಮಿಜಾನೊ ಚೀಸಿನ ಮೇಲೆ ಹಾಕಿಕೊಟ್ಟಾಗ ನಾವು ಕೈಮುಗಿದು ಬೇಡವೆಂದೆವು. ಆ ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಹೊರದೇಶದಲ್ಲಿ ಮಕ್ಕಳಿರುವ ಭಕ್ತರು ಇದನ್ನು ತಿಳಿದಿರುವುದು ಒಳಿತು.

ಆಲಿವ್ ಎಣ್ಣೆ ಇಲ್ಲದವರು ಕೊರಗಬೇಕೇ? ಖಂಡಿತ ಇಲ್ಲ. ಅದರ ಮುಖ್ಯ ಗುಣಕ್ಕೆ ಕಾರಣವಾದ ಒಲಿಯಿಕ್ ಆಮ್ಲ ಶೇಂಗಾ ಎಣ್ಣೆಯಲ್ಲಿಯೂ ಎಳ್ಳೆಣ್ಣೆಯಲ್ಲಿಯೂ ಸಾಕಷ್ಟಿದೆ. ಬ್ರಿಸಿಗೆಲ್ಲಾದ ಜನ ತಮ್ಮೂರಿನ ಗಾಣವನ್ನು ಹೆಮ್ಮೆಯಿಂದ ತೋರಿಸಿದರು. ನಮ್ಮೂರುಗಳ ಗಾಣಗಳು ನಮ್ಮ ಕಣ್ಣೆದುರೇ ನಿಂತುಹೋದವು. ಈಗ ಅಲ್ಲಲ್ಲಿ ಮರದ ಗಾಣಗಳು ಮತ್ತೆ ತಿರುಗುತ್ತಿವೆ. ಅಲ್ಲಿಂದ ತಾಜಾ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ತಂದು, ಮೂಸಿ ನೋಡಿ, ಹಸಿಯಾಗಿ ಉಣ್ಣುವ ರೂಢಿ ಮರಳಲಿ. ಇಟಲಿಯಿಂದ ನಾವು ಕಲಿತುಬಂದದ್ದು ಇದೇ.

ಆ ತಾಯಿಯ ಮಗ ಕಳೆದ ಬಾರಿ ಬಂದಾಗ ಒಂದೇ ಒಂದು ಸಣ್ಣ ಸೀಸೆ ತರಲು ನಾವೇ ಹೇಳಿಕಳುಹಿಸಿದ್ದೆವು. ಅದು ಬಂದ ಮರುದಿನ ಅವರ ಮನೆಗೆ ಹೋಗಿ, ಮುಚ್ಚಳ ತೆಗೆಸಿ, ರೊಟ್ಟಿಯ ಮೇಲಿನ ಶೇಂಗಾ ಚಟ್ನಿಗೆ ನಾವೇ ಒಂದು ಚಮಚ ಸುರಿದೆವು. ತಾಯಿ ಒಂದು ತುತ್ತು ಉಂಡು, ಸಣ್ಣಗೆ ಕೆಮ್ಮಿ, ಪಕ್ಕದಲ್ಲಿ ಕುಳಿತಿದ್ದ ಮಗನ ಕಡೆಗೆ ನೋಡಿ, "ಖಾರ ಐತಲ್ಲೋ ಇದು! ಎರಡ ವರ್ಷ ನನಗ ಗೊತ್ತ ಇರಲಿಲ್ಲ ನೋಡು" ಎಂದರು. ಮಗನಿಗೆ ಅರ್ಥವಾಯಿತೋ ಇಲ್ಲವೋ, ಅವನು ನಕ್ಕು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದನು.